ನೂಲು ಯಾರದು, ಸೀರೆ ಯಾರದು?

ಇಲಕಲ್ಲಿನ ನೇಕಾರರಲ್ಲಿ ಎರಡು ತೆರದವರುಂಟು. ಒಬ್ಬನು ತನ್ನ ಹಣದಿಂದ ನೂಲು ಕೊಂಡು, ತನ್ನ ಕುಣಿಮಗ್ಗದಲ್ಲಿ ನೇಯ್ದು, ಸೀರೆಯನ್ನು ತಾನೇ ಮಾರುವನು. ಇನ್ನೊಬ್ಬನು ಮಾಲಕನು ಕೊಟ್ಟ ನೂಲನ್ನು ಮನೆಗೆ ತಂದು, ನೇಯ್ದ ಸೀರೆಯನ್ನು ಮಾಲಕನಿಗೆ ಒಪ್ಪಿಸಿ, ಮಜೂರಿಯನ್ನು ಎಣಿಸಿಕೊಂಡು ತಿರುಗುವನು. ಇಬ್ಬರ ಕೈಯ ಕಸಬೂ ಒಂದೇ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುವ ಜಾಣ್ಮೆಯೂ ಒಂದೇ. ಕುಣಿಯಲ್ಲಿ ಕಾಲಿಳಿಬಿಟ್ಟು ಕೂಡ್ರುವ ದಿನಗಳೂ ಅಷ್ಟೇ. ಆದರೆ ಪೇಟೆಗೆ ಹೋಗುವ ಹೊತ್ತಿಗೆ ಒಬ್ಬನು ಸೀರೆಯ ಒಡೆಯನು, ಇನ್ನೊಬ್ಬನು ಕೂಲಿಯವನು. ನೂಲು ಯಾರದೋ ಸೀರೆ ಅವರದು. ಈ ಲೆಕ್ಕವನ್ನು ಇಲಕಲ್ಲಿನ ಚಿಕ್ಕ ಹುಡುಗನೂ ಬಲ್ಲನು. ಆದರೆ ಹಾಡಿನ ಮಾತು ಬಂದಾಗ ಜಿಲ್ಲೆಯ ಸುಶಿಕ್ಷಿತರು ಈ ಲೆಕ್ಕವನ್ನು ಒಮ್ಮೆಲೆ ಮರೆತುಬಿಡುವರು. ಆ ಮರವೆಯಿಂದ ಆಗುತ್ತಿರುವ ಹಾನಿಯನ್ನು ವಿಚಾರವಂತರ ಮುಂದಿಡುವದು ಅವಶ್ಯವಾಗಿದೆ.

ಕೆಲವು ವರ್ಷಗಳಿಂದೀಚೆಗೆ ಕನ್ನಡದ ತರುಣರಲ್ಲಿ ಹಿಪ್ ಹಾಪ್ ಎಂಬ ಪದ್ಧತಿಯು ಬೇರೂರಿದೆ. ತಾಳದ ಮೇಲೆ ಪ್ರಾಸಬದ್ಧವಾದ ಮಾತನ್ನು ವೇಗದಿಂದ ಆಡುವ ಅದರ ಗಾಯನಕ್ಕೆ ರ‍್ಯಾಪ್ ಎಂದು ಹೆಸರು. ಬೆಂಗಳೂರಿನ ಕಡೆಯ ಆಲ್ ಓಕೆ, ಎಂ.ಸಿ. ಬಿಜ್ಜು ಮೊದಲಾದವರ ಹೆಸರುಗಳು ಬಾಗಲಕೋಟೆಯ ಕಾಲೇಜು ಹುಡುಗರ ಬಾಯಲ್ಲಿಯೂ ಇವೆ. ಇವರ ಹಾದಿಯನ್ನು ಹಿಡಿದ ಎಷ್ಟೋ ತರುಣರು ಯಾವ ಧ್ವನಿಮುದ್ರಣ ಕಂಪನಿಯ ಬಾಗಿಲನ್ನೂ ಕಾಯದೆ, ತಾವೇ ಪದ ಕಟ್ಟಿ, ತಾವೇ ತಾಳ ಕೂಡಿಸಿ, ತಾವೇ ಧ್ವನಿಮುದ್ರಿಸಿ, ತಮ್ಮ ಖರ್ಚಿನಿಂದಲೇ ಪ್ರಕಟಿಸುವರು. ಹೀಗೆ ಪ್ರಕಟವಾದ ಹತ್ತು ಹನ್ನೆರಡು ಹಾಡುಗಳ ಮಾಲೆಗೆ ಸ್ವಯಂನಿರ್ಮಿತ ಆಲ್ಬಮ್ ಎಂದು ಹೆಸರು. ಓದಿದ ಮನೆಗಳಲ್ಲಿ ಇದರ ಮಾತೆತ್ತಿದರೆ ಸಾಕು, ಮೂಗು ಮುರಿಯುವರು. "ಯಾವ ಕಂಪನಿಯೂ ಕೇಳದ್ದಕ್ಕೆ ತಾನೇ ಮಾಡಿಕೊಂಡಿದ್ದಾನೆ," ಎಂಬದೇ ಅವರ ಮೊದಲನೆಯ ನಿಂದೆ. ಯಾವದು ಈ ತರುಣನ ಮೇಲ್ಮೆಯೋ ಅದನ್ನೇ ಅವನ ಕೊರತೆಯೆಂದು ಎಣಿಸುವ ಈ ಬುದ್ಧಿಗೆ ಏನೆನ್ನಬೇಕು?

ಮೊದಲು ಈ ಪದ್ಧತಿಯ ಹುಟ್ಟನ್ನು ನೋಡಬೇಕು. 1973ನೆಯ ಇಸವಿಯ ಆಗಸ್ಟ 11ರಂದು ಅಮೇರಿಕೆಯ ನ್ಯೂಯಾರ್ಕ ನಗರದ ಬ್ರಾಂಕ್ಸ ಎಂಬ ಬಡವರ ಭಾಗದಲ್ಲಿ, ಜಮೈಕಾ ದ್ವೀಪದಿಂದ ಬಂದಿದ್ದ ಕೂಲ್ ಹರ್ಕ ಎಂಬ ತರುಣನು ಒಂದು ಕೂಟದಲ್ಲಿ ಎರಡು ಗ್ರಾಮಫೋನು ತಟ್ಟೆಗಳನ್ನು ತಿರುಗಿಸುತ್ತ, ಹಾಡಿನ ನಡುವೆ ಬರಿಯ ತಾಳ ಬರುವ ತುಣುಕನ್ನು ಮರಳಿ ಮರಳಿ ಬಾರಿಸಿದನು. ಹಿಪ್ ಹಾಪಿನವರು ತಮ್ಮ ಹುಟ್ಟುಹಬ್ಬವೆಂದು ಎಣಿಸುವದು ಆ ದಿನವನ್ನೇ. ವಾದ್ಯಮೇಳವನ್ನು ಕೊಳ್ಳಲಾರದವರ ಕೈಯಲ್ಲಿ ಹಳೆಯ ತಟ್ಟೆಗಳೇ ವಾದ್ಯಗಳಾದವು. ಮುಂದೆ ಆ ತಾಳದ ಮೇಲೆ ಮಾತು ಕೂಡಿತು, ಕವಿತೆಯಾಯಿತು. ಈ ಕಲೆಯ ಮೂಲವೇ ಇದ್ದುದರಿಂದ ಹೊಂದಿಸಿಕೊಳ್ಳುವದರಲ್ಲಿದೆ, ಅನ್ಯರ ಅಪ್ಪಣೆಗೆ ಕಾಯದಿರುವದರಲ್ಲಿದೆ.

ಇಲ್ಲಿ ಒಂದು ಶಬ್ದದ ವಿಚಾರವನ್ನೂ ಮಾಡಬೇಕು. ಚಲಚ್ಚಿತ್ರದ ಮಾತಿನಲ್ಲಿ ನಿರ್ಮಾಪಕನೆಂದರೆ ಹಣ ಹಾಕುವವನು. ಹಿಪ್ ಹಾಪಿನ ಮಾತಿನಲ್ಲಿ ಹಾಗಲ್ಲ. ಹಾಡಿಗೆ ಆಧಾರವಾದ ತಾಳವನ್ನೂ ನಾದವನ್ನೂ ಕಟ್ಟುವವನೇ ಅಲ್ಲಿ ನಿರ್ಮಾಪಕನು. ಆ ತಾಳಬಂಧಕ್ಕೆ ಬೀಟ್ ಎನ್ನುವರು. ಕಾರಣ ಸ್ವಯಂನಿರ್ಮಿತ ಆಲ್ಬಮ್ಮಿನಲ್ಲಿ ಹಣವೂ ಕಲಾವಿದನದೇ, ತಾಳವೂ ಅವನದೇ, ಮಾತೂ ಅವನದೇ, ಕಂಠವೂ ಅವನದೇ. ನೇಕಾರರ ಮಾತಿನಲ್ಲಿ ಹೇಳುವದಾದರೆ ಹಾಸೂ ತನ್ನದು, ಹೊಕ್ಕೂ ತನ್ನದು. ಕಾಯಿದೆಯೂ ಇದೇ ಮಾತನ್ನು ಬೇರೆ ರೀತಿಯಿಂದ ಹೇಳುತ್ತದೆ. ಭಾರತದ 1957ರ ಕೃತಿಸ್ವಾಮ್ಯದ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಕರ್ತೃವೆಂದರೆ ಹಾಡಿದವನಲ್ಲ. ಅದನ್ನು ಮಾಡಿಸುವ ಹೊಣೆಯನ್ನು ಹೊತ್ತ ನಿರ್ಮಾಪಕನು. ಆ ಸ್ವಾಮ್ಯವು ಪ್ರಕಟನೆಯ ಮರುವರ್ಷದಿಂದ 60 ವರ್ಷ ನಡೆಯುತ್ತದೆ. ಅನ್ಯರ ಹಣದಿಂದ ಹಾಡಿದವನ ಧ್ವನಿಮುದ್ರಣವು ಎರಡು ತಲೆಮಾರಿನ ವರೆಗೆ ಅನ್ಯರದು. ನೂಲು ಯಾರದೋ ಸೀರೆ ಅವರದೆಂಬ ಇಲಕಲ್ಲಿನ ಲೆಕ್ಕವೇ ದಿಲ್ಲಿಯ ಕಾಯಿದೆಯ ಲೆಕ್ಕವೂ ಆಗಿದೆಯಲ್ಲವೆ?

ಇನ್ನು ಸುಶಿಕ್ಷಿತರ ಆಕ್ಷೇಪಗಳು. ಅವು ಮುಖ್ಯವಾಗಿ ನಾಲ್ಕು.

ಮೊದಲನೆಯದು ಆತ್ಮಪ್ರಶಂಸೆಯದು. ರ‍್ಯಾಪಿನವನು ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವನು, ತನ್ನಂಥವರಿಲ್ಲವೆನ್ನುವನು, ಎದುರಾಳಿಯನ್ನು ಹೀಗಳೆಯುವನು. ವಿನಯವಿಲ್ಲದಲ್ಲಿ ಕಾವ್ಯವೆಲ್ಲಿಯದು, ಎಂದು ಕೇಳುವರು. ಈ ಪ್ರಶ್ನೆಯನ್ನು ಕೇಳುವವರು ಐಹೊಳೆಯ ಮೇಗುತಿಯ ಗುಡ್ಡವನ್ನೊಮ್ಮೆ ಏರಿ ಬರಬೇಕು. ಹುನಗುಂದ ಸೀಮೆಯ ಆ ಜಿನಾಲಯದ ಗೋಡೆಯ ಮೇಲೆ ಕ್ರಿ. ಶ. 634ರ ಸಂಸ್ಕೃತ ಶಾಸನವೊಂದಿದೆ. ಇಮ್ಮಡಿ ಪುಲಕೇಶಿಯ ಪ್ರತಾಪವನ್ನು ತಿಳಿಯಲಿಕ್ಕೆ ಇತಿಹಾಸಕಾರರೆಲ್ಲರೂ ಅದನ್ನೇ ನೆಚ್ಚುವರು. ಅದನ್ನು ರಚಿಸಿದ ರವಿಕೀರ್ತಿಯು ಕೊನೆಯಲ್ಲಿ ತನ್ನನ್ನು ಕುರಿತು ಏನು ಹೇಳಿಕೊಂಡಿದ್ದಾನೆ? ಕವಿತೆಯಲ್ಲಿ ತಾನು ಕಾಳಿದಾಸ ಭಾರವಿಗಳ ಕೀರ್ತಿಯನ್ನು ಪಡೆದವನೆಂದು ಹೇಳಿಕೊಂಡಿದ್ದಾನೆ. ಅಷ್ಟೇ ಅಲ್ಲ, ಈ ಪ್ರಶಸ್ತಿಯನ್ನು ರಚಿಸಿದವನೂ ತಾನೇ, ಈ ಜಿನಾಲಯವನ್ನು ಮಾಡಿಸಿದವನೂ ತಾನೇ ಎಂದು ಕಲ್ಲಿನಲ್ಲಿ ಕೊರೆಯಿಸಿದ್ದಾನೆ. ಗೋಡೆಯನ್ನು ತಾನೇ ಕಟ್ಟಿಸಿ, ಅದರ ಮೇಲೆ ತನ್ನ ಕಾವ್ಯವನ್ನು ತಾನೇ ಪ್ರಕಟಿಸಿ, ಕಾಳಿದಾಸನ ಸರಿಸಮಾನನೆಂದು ತಾನೇ ಸಾರಿದ ಇವನಿಗೆ ಸ್ವಯಂನಿರ್ಮಾಣದ ಆದಿಪುರುಷನೆಂದರೆ ತಪ್ಪಾದೀತೆ? ರವಿಕೀರ್ತಿಯು ರಾಜನ ಪ್ರಸಾದವನ್ನು ಪಡೆದವನೆಂಬದು ನಿಜ; ಆ ಶಾಸನವೇ ಹಾಗೆ ಹೇಳುತ್ತದೆ. ಹಾಗಾದರೆ ರಾಜನಿಲ್ಲದೆ ಅದೇ ಸಾಹಸವನ್ನು ಮಾಡುವ ಇಂದಿನ ತರುಣನ ಸ್ವಾತಂತ್ರ್ಯವು ರವಿಕೀರ್ತಿಯದಕ್ಕಿಂತ ಹೆಚ್ಚಿನದಾಯಿತೇ ಹೊರತು ಕಡಿಮೆಯದಾಗಲಿಲ್ಲ.

ಐಹೊಳೆಯದು ಸಂಸ್ಕೃತದ ಮಾತಾಯಿತೆನ್ನುವವರು ಬಾದಾಮಿಗೆ ಹೋಗಲಿ. ಅಲ್ಲಿಯ ಕೆರೆಯ ಮೇಲಣ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಅದರ ಮೇಲೆ ಇಸವಿಯಿಲ್ಲ. ವಿದ್ವಾಂಸರು ಅದನ್ನು ಏಳು-ಎಂಟನೆಯ ಶತಮಾನದ್ದೆಂದು ಎಣಿಸುವರು. ಕನ್ನಡ ತ್ರಿಪದಿಯ ಅತ್ಯಂತ ಹಳೆಯ ರೂಪವು ದೊರೆತದ್ದು ಅಲ್ಲಿಯೇ. ಅರಭಟ್ಟನು ಅರಸನೆಂದು ಅಲ್ಲಿ ಹೇಳಿಲ್ಲ. ಒಳ್ಳೆಯವನಿಗೆ ಅವನು ಒಳ್ಳೆಯವನೆಂದೂ, ಸವಿಮಾತಿನವನಿಗೆ ಸವಿಯಾದವನೆಂದೂ, ಬಾಧೆ ಕೊಡುವ ಕಲಿಗೆ ಮಾತ್ರ ಕಲಿಯುಗಕ್ಕೇ ವಿಪರೀತನಾದವನೆಂದೂ, ಸಾಕ್ಷಾತ್ ಮಾಧವನೇ ಹೊರತು ಬೇರೆಯಲ್ಲವೆಂದೂ ಆ ಬಂಡೆಯು ಸಾರುತ್ತದೆ. ಇದಕ್ಕಿಂತ ಹೆಚ್ಚಿನ ಬಿರುದನ್ನು ಯಾವ ರ‍್ಯಾಪಿನವನು ಕೂಗಿಕೊಂಡಿದ್ದಾನೆ? ಕನ್ನಡದ ಮೊದಲ ತ್ರಿಪದಿಯು ವಿನಯದ ಪದ್ಯವಲ್ಲ, ಸವಾಲಿನ ಪದ್ಯ. ಈ ಮಾತನ್ನು ಮರೆತವರು ಹಳೆಯ ಕಲ್ಲಿಗೆ ಕೈಮುಗಿದು ಹೊಸ ಬಾಯಿಗೆ ಬೀಗ ಹಾಕುವರು.

ಎರಡನೆಯ ಆಕ್ಷೇಪವು ಪರೀಕ್ಷಕರಿಲ್ಲದ್ದು. ಕಂಪನಿಯ ಮುಖಾಂತರ ಬಂದರೆ ನಾಲ್ಕು ಜನ ತಿಳಿದವರು ನೋಡುವರು, ತಾನೇ ಪ್ರಕಟಿಸಿದರೆ ಜೊಳ್ಳು ಕಾಳು ಒಂದೇ ರಾಶಿಯಾಗುವವು ಎನ್ನುವರು. ಈ ವಾದದಲ್ಲಿ ಅರ್ಧ ನಿಜವುಂಟು. ಜೊಳ್ಳು ಬಹಳವಾಗಿರುವದು ಸುಳ್ಳಲ್ಲ. ಆದರೆ ಕಂಪನಿಯು ತೂರುವದು ಕಾಳನ್ನಲ್ಲ, ಲಾಭವನ್ನು. ಕನ್ನಡ ಸಾಹಿತ್ಯವು ಯಾವ ಕಂಪನಿಯ ಪರೀಕ್ಷೆಯಿಂದ ಬೆಳೆಯಿತು? ಫ. ಗು. ಹಳಕಟ್ಟಿಯವರು 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತಾವೇ ತೆರೆದು, ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು ತಾವೇ ಹೊರಡಿಸಿ, ವಚನಗಳ ಪ್ರಕಟನೆಗಾಗಿ ಇದ್ದ ಮನೆಯನ್ನೂ ಮಾರಿದರು. ಲಾಭ ನೋಡುವ ಪರೀಕ್ಷಕನೊಬ್ಬನು ಆಗ ಅಡ್ಡ ಕುಳಿತಿದ್ದರೆ ಕೂಡಲಸಂಗಮದ ದೇವರ ಅಂಕಿತವಿರುವ ವಚನಗಳು ಹುನಗುಂದದ ಮನೆಗಳಿಗೆ ಎಷ್ಟು ತಡವಾಗಿ ಬರುತ್ತಿದ್ದವೋ! ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರಿಗೆ 'ಯಾರೂ ಕೇಳದ್ದಕ್ಕೆ ತಾವೇ ಮಾಡಿಕೊಂಡವರು' ಎನ್ನುವ ಎದೆಗಾರಿಕೆ ಯಾರಿಗಿದೆ? ಅದಿರಲಿ, ಜಿಲ್ಲೆಯ ಸಾಹಿತ್ಯಸಂಘದ ಮಾಸಪತ್ರಿಕೆಯೆಂಬದು ಸದಸ್ಯರ ವಂತಿಗೆಯಿಂದ ಅಚ್ಚಾಗುವ ಸ್ವಯಂನಿರ್ಮಿತ ವಸ್ತುವಲ್ಲದೆ ಮತ್ತೇನು? ತಮ್ಮ ಪದ್ಯವನ್ನು ತಮ್ಮ ವಂತಿಗೆಯಿಂದ ಅಚ್ಚು ಹಾಕಿಸಿಕೊಳ್ಳುವದು ಸಾಹಿತ್ಯಸೇವೆ, ಹುಡುಗನು ತನ್ನ ಪದವನ್ನು ತನ್ನ ಖರ್ಚಿನಿಂದ ಮುದ್ರಿಸಿದರೆ ಮಾತ್ರ ಹುಚ್ಚು ಎಂಬ ನ್ಯಾಯವು ಯಾವ ಶಾಸ್ತ್ರದ್ದು?

ಮೂರನೆಯ ಆಕ್ಷೇಪ: ಇದು ಸಂಗೀತವಲ್ಲ, ಬರಿಯ ಮಾತು. ಇದನ್ನು ಹೇಳುವವರು ತಮ್ಮ ಅಜ್ಜಂದಿರು ರಾತ್ರಿಯೆಲ್ಲ ಕುಳಿತು ಏನನ್ನು ಕೇಳುತ್ತಿದ್ದರೆಂಬದನ್ನು ನೆನೆಯಬೇಕು. ಹರದೇಶಿ-ನಾಗೇಶಿಯ ಮೇಳಗಳು ಎದುರು ಬದುರು ನಿಂತು, ಡಪ್ಪು ತುಂತುಣಿ ತಾಳಗಳ ಮೇಲೆ ಸವಾಲು ಜವಾಬು ನಡೆಸುತ್ತಿದ್ದವು. ಒಂದು ಪಕ್ಷವು ಪುರುಷನೇ ಮೇಲೆಂದರೆ ಇನ್ನೊಂದು ಶಕ್ತಿಯೇ ಮೇಲೆನ್ನುತ್ತಿತ್ತು. ಉತ್ತರ ತೋಚದ ಮೇಳವು ಸಭೆಯಲ್ಲಿ ತಲೆ ತಗ್ಗಿಸುತ್ತಿತ್ತು. ಅಲ್ಲಿ ಗೆಲ್ಲುತ್ತಿದ್ದುದು ರಾಗವೋ ಮಾತೋ? ಲಾವಣಿಯ ಕಡೆಯ ನುಡಿಯಲ್ಲಿ ಕವಿಯು ತನ್ನ ಊರನ್ನೂ ಗುರುವನ್ನೂ ಹೆಸರನ್ನೂ ಹೇಳಿಯೇ ಮುಗಿಸುತ್ತಿದ್ದನು. ರ‍್ಯಾಪಿನವನು ಅದನ್ನು ಮೊದಲಿಗೇ ಹೇಳುವನೆಂಬದಿಷ್ಟೇ ಭೇದ. ಇಂಥ ಲಾವಣಿಗಳನ್ನೂ ಹಳ್ಳಿಯ ಬಾಯಿಹಾಡೆಂದು ಓದಿದವರು ಬದಿಗಿಟ್ಟಿದ್ದರು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು', 1933ರಲ್ಲಿ ಲಾವಣಿಗಳ 'ಜೀವನ ಸಂಗೀತ' ಪ್ರಕಟಿಸಿದ ಮೇಲೆಯೇ ಓದಿದವರಿಗೆ ತಮ್ಮ ಮನೆಯ ಹಿತ್ತಲಲ್ಲಿ ಏನು ಬೆಳೆದಿದೆಯೆಂಬದು ಕಂಡಿತು. ಆಗಿನ ಪ್ರಮಾದವು ಮತ್ತೊಮ್ಮೆ ಆಗಬೇಕೆ?

ಛಂದಸ್ಸಿನ ದೃಷ್ಟಿಯಿಂದ ನೋಡಿದರೂ ರ‍್ಯಾಪ್ ಕನ್ನಡಕ್ಕೆ ಹೊರಗಿನದಲ್ಲ. ತ್ರಿಪದಿಯು ಅಂಶಗಣದ ಮಟ್ಟು. ಅಲ್ಲಿ ಅಕ್ಷರಗಳನ್ನು ಎಣಿಸಿ ಕಟ್ಟುವದಿಲ್ಲ. ತಾಳದ ಪೆಟ್ಟಿಗೆ ಹೊಂದುವಂತೆ ಮಾತನ್ನು ಹಿಗ್ಗಿಸಿಯೂ ಕುಗ್ಗಿಸಿಯೂ ಹಾಡುವರು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ಈ ವಿದ್ಯೆಯನ್ನು ಯಾವ ಶಾಲೆಗೂ ಹೋಗದೆ ಬಲ್ಲವಳಾಗಿದ್ದಳು. ಸ್ಥಿರವಾದ ಪೆಟ್ಟಿನ ಮೇಲೆ ಮಾತನ್ನು ಜಗ್ಗುವದು, ತುರುಕುವದು, ಒಮ್ಮೆ ಹಿಂದೆ ಬಿಟ್ಟು ಮತ್ತೊಮ್ಮೆ ಮುಂದೆ ಹಾರಿಸುವದು, ಇದೇ ರ‍್ಯಾಪಿನ ಜೀವಾಳ. ಇನ್ನು ಪ್ರಾಸದ ಮಾತು. 1911ರ ಸುಮಾರಿಗೆ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟ ತರುವಾಯ ಓದಿದವರ ಕವಿತೆಯು ಮೆಲ್ಲಮೆಲ್ಲನೆ ಪ್ರಾಸದ ಹಂಗನ್ನೇ ಕಳೆದುಕೊಂಡಿತು. ಅದರಿಂದ ಕವಿತೆಗೆ ಬಂದ ಬಿಡುಗಡೆಯನ್ನು ಯಾರೂ ಅಲ್ಲಗಳೆಯುವದಿಲ್ಲ. ಆದರೆ ಬಿಟ್ಟ ಒಡವೆಯನ್ನು ಬೀದಿಯ ಹುಡುಗನು ಎತ್ತಿಕೊಂಡು ಮೈಮೇಲೆ ಹಾಕಿಕೊಂಡಾಗ ಅವನಿಗೆ ಕವಿತೆ ತಿಳಿಯದೆನ್ನುವದು ವಿಚಿತ್ರವಲ್ಲವೆ?

ನಾಲ್ಕನೆಯ ಆಕ್ಷೇಪ: ಇದು ಪರದೇಶದ್ದು. ಹಾರ್ಮೋನಿಯಮ್ ಯಾವ ದೇಶದ್ದು? ಇಲಕಲ್ಲಿನ ಮಗ್ಗುಲಿನ ಕಂದಗಲ್ಲ ಹನುಮಂತರಾಯರ ನಾಟಕಗಳನ್ನು ಆಡಿದ ಕಂಪನಿಗಳ ರಂಗದಲ್ಲಿ ಕಾಲ್ಪೆಟ್ಟಿಗೆಯಿಲ್ಲದೆ ಒಂದು ಪದವೂ ಏಳುತ್ತಿರಲಿಲ್ಲ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರ ಕಂಠವು ದೇಶವನ್ನೆಲ್ಲ ತಿರುಗಿದ್ದು ಪರದೇಶದ ಯಂತ್ರದ ತಟ್ಟೆಗಳ ಮೇಲೆ. ಬಂದ ವಸ್ತುವಿಗೆ ಕುಲ ಕೇಳುವ ರೂಢಿ ಕನ್ನಡ ಸಂಗೀತಕ್ಕೆ ಎಂದೂ ಇರಲಿಲ್ಲ. ಬಂದದ್ದು ಇಲ್ಲಿಯ ಮಾತನ್ನು ಕಲಿತಿತೋ ಇಲ್ಲವೋ ಎಂಬದೊಂದೇ ಪ್ರಶ್ನೆ.

ಆದರೆ ಈ ಕಡೆಯ ಪ್ರಶ್ನೆಯು ಆಕ್ಷೇಪಕರಿಂದ ತಿರುಗಿ ರ‍್ಯಾಪಿನ ತರುಣರ ಮೇಲೆ ಬೀಳುವಂಥದು. ಸುಶಿಕ್ಷಿತರ ತಿರಸ್ಕಾರವು ಅನ್ಯಾಯದ್ದೆಂದ ಮಾತ್ರಕ್ಕೆ ತರುಣರು ಮಾಡಿದ್ದೆಲ್ಲ ಸರಿಯೆಂದಾಗಲಿಲ್ಲ. 'ಸ್ವತಂತ್ರ ಕಲಾವಿದ'ನೆಂಬ ಬಿರುದು ಈಗ ಬಹಳ ಅಗ್ಗವಾಗಿದೆ. ಅದಕ್ಕೆ ಯೋಗ್ಯರಾರೆಂಬದನ್ನು ಒರೆಗೆ ಹಚ್ಚಿಯೇ ನೋಡಬೇಕು.

ಪ್ರಥಮತಃ, ಬಾಡಿಗೆಯ ತಾಳ. ಪರದೇಶದ ತಾಳಗಾರರು ಬೀಟುಗಳನ್ನು ಕಟ್ಟಿ ಅಂತರ್ಜಾಲದಲ್ಲಿ ಬಾಡಿಗೆಗೆ ಇಡುವರು. ಅಲ್ಪ ಹಣಕ್ಕೆ ಕೊಂಡ ಒಂದೇ ಬೀಟನ್ನು ಹತ್ತು ದೇಶದ ಹತ್ತು ಹುಡುಗರು ಬಳಸುವರು. ಹಾಡು ಇಂತಿಷ್ಟು ಸಲ ಕೇಳಲ್ಪಟ್ಟ ಮೇಲೆ ಮತ್ತೆ ಹಣ ಕೊಡಬೇಕೆಂಬ ಕರಾರೂ ಅನೇಕ ಬಾಡಿಗೆಗಳಲ್ಲಿ ಇರುತ್ತದೆ. ಇಂಥ ತಾಳದ ಮೇಲೆ ನಿಂತು "ನನ್ನದು ಸ್ವಂತದ್ದು" ಎಂದು ಕೂಗುವವನಿಗೂ, ವಿದ್ಯುತ್ ಮಗ್ಗದ ಬಟ್ಟೆಗೆ ಇಲಕಲ್ಲ ಸೀರೆಯೆಂದು ಚೀಟಿ ಅಂಟಿಸುವ ವ್ಯಾಪಾರಿಗೂ ಏನು ಭೇದ? ಗಣಕಯಂತ್ರವೊಂದು, ಒಳ್ಳೆಯ ಮೈಕೊಂದು, ಗದ್ದಲ ಹೊಗದಂತೆ ಗೋಡೆಗೆ ಕೌದಿ ಹೊದಿಸಿದ ಕೋಣೆಯೊಂದು ಇದ್ದರೆ ಇಂದು ಸ್ಟುಡಿಯೋ ಆಗುವದು. ಹಾಗಿದ್ದ ಮೇಲೆ ಡಪ್ಪಿನ ಪೆಟ್ಟನ್ನು, ತುಂತುಣಿಯ ತಂತಿಯನ್ನು, ಮೊಹರಮ್ಮಿನ ಹೆಜ್ಜೆಮೇಳದ ಹೆಜ್ಜೆಯನ್ನು, ಮಗ್ಗದ ಲಾಳಿಯ ಸಪ್ಪಳವನ್ನು ಧ್ವನಿಮುದ್ರಿಸಿ ತಾಳ ಕಟ್ಟಲಿಕ್ಕೆ ತಡೆದವರಾರು? ಬ್ರಾಂಕ್ಸಿನ ಹುಡುಗರು ಮಾಡಿದ್ದು ಇದನ್ನೇ. ತಮ್ಮ ಮನೆಯಲ್ಲಿದ್ದುದನ್ನೇ ಅವರು ವಾದ್ಯ ಮಾಡಿಕೊಂಡರು. ಅವರ ಫಲವನ್ನು ಬಾಡಿಗೆಗೆ ತರುವದು ಅನುಕರಣ, ಅವರ ಬುದ್ಧಿಯನ್ನು ಕಲಿಯುವದು ವಿದ್ಯೆ.

ಎರಡನೆಯದು ಎರವಿನ ನಾಲಿಗೆ. ಹುನಗುಂದದ ಹುಡುಗನು ಮನೆಯಲ್ಲಿ ಒಂದು ಕನ್ನಡವನ್ನಾಡಿ ಮೈಕಿನ ಮುಂದೆ ಬೆಂಗಳೂರಿನ ಚಲಚ್ಚಿತ್ರದ ಕನ್ನಡವನ್ನಾಡುವನು. ತಾಯಿಯು ಬೈಯುವಾಗಿನ ಕನ್ನಡದಲ್ಲಿರುವ ಹುರುಪು, ಸಂತೆಯಲ್ಲಿ ಚೌಕಾಸಿ ಮಾಡುವ ಕನ್ನಡದಲ್ಲಿರುವ ಚುರುಕು, ಇವೇ ರ‍್ಯಾಪಿಗೆ ಬೇಕಾದ ಸಾಮಗ್ರಿಗಳು. ಅವನ್ನೇ ಹೊಸ್ತಿಲೊಳಗೆ ಬಿಟ್ಟು ಹೋಗುವದು ದೊಡ್ಡ ನಷ್ಟ. ಮೂರನೆಯದು ಎರವಿನ ಪೌರುಷ. ಸೆರೆಯ ಶೀಸೆಯನ್ನೂ ಹೆಣ್ಣಿನ ಅವಹೇಳನವನ್ನೂ ಹಾಡುವದೇ ಧೈರ್ಯವೆಂದು ಎಷ್ಟೋ ತರುಣರು ತಿಳಿದಿರುವರು. ಇಲಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಆ ಜೋಳಿಗೆ ಹಾಯ್ದುಹೋದ ಓಣಿಯಲ್ಲಿ ನಿಂತು ಕುಡಿತವನ್ನು ಕೊಂಡಾಡುವದಕ್ಕೆ ಧೈರ್ಯ ಬೇಕಿಲ್ಲ. ಪೇಟೆಯೇ ಅದಕ್ಕೆ ಬೆನ್ನು ಚಪ್ಪರಿಸುವದು. ನಾಗೇಶಿಯ ಹೆಣ್ಣುಮಗಳ ಸವಾಲಿಗೆ ಎದುರು ನಿಂತು ಉತ್ತರ ಹುಡುಕುತ್ತಿದ್ದ ಗಂಡಸರ ಮೊಮ್ಮಕ್ಕಳು ಹೆಣ್ಣನ್ನು ಮೂಕಗೊಂಬೆಯಾಗಿ ಹಾಡಿನಲ್ಲಿ ನಿಲ್ಲಿಸುವದು ಪೌರುಷವಲ್ಲ, ಹೇಡಿತನ.

ಹಾಡಲಿಕ್ಕೆ ವಿಷಯದ ಬರವೇ ಈ ಜಿಲ್ಲೆಯಲ್ಲಿ? ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿತು. ಅಂಗಡಿ ಮುಂಗಟ್ಟುಗಳನ್ನು ಬಿಟ್ಟ ಜನರು ನವನಗರದ ಸೆಕ್ಟರುಗಳ ಅಂಕಿಗಳನ್ನು ವಿಳಾಸ ಮಾಡಿಕೊಂಡರು. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಒಪ್ಪಿಗೆ ಕೊಟ್ಟಿತು. ಆ ನಾಲ್ಕೂವರೆ ಮೀಟರಿನಲ್ಲಿ ಎಷ್ಟು ಹೊಲ, ಎಷ್ಟು ಮನೆ, ಎಷ್ಟು ಗೋರಿಗಳು ಅಡಗಿವೆಯೆಂಬದನ್ನು ಯಾವ ಪದವು ಹೇಳಿದೆ? 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಪಟ್ಟದಕಲ್ಲು ಐಹೊಳೆಗಳ ಅಂಗಳದಲ್ಲಿ ನಿಂತಾಗ ಚಿತ್ರ ತೆಗೆದವರು ಬಹಳ, ಪದ ಕಟ್ಟಿದವರು ವಿರಳ. ಕೂಲಿ ನೇಕಾರನ ಮಜೂರಿ, ಕೆಂಪು ಕಲ್ಲಿನ ಗಣಿಯ ಧೂಳು, ಗೋವಾ ಪುಣೆಗಳಿಗೆ ದುಡಿಯಲು ಹೋಗುವವರ ಬಸ್ಸು, ಇವನ್ನೆಲ್ಲ ಬಿಟ್ಟು ಕಾಣದ ಮೋಟಾರು ಗಾಡಿಯ ಜಂಭ ಯಾಕೆ? ಆಲ್ಬಮ್ಮಿನ ಬೆಲೆಯೂ ಇಲ್ಲಿಯೇ ತಿಳಿಯುವದು. ಬಿಡಿ ಹಾಡು ಗುಳೇದಗುಡ್ಡದ ಕಣವಿದ್ದಂತೆ. ಒಂದು ಗೇಣು ಅಂದವಿದ್ದರೆ ಸಾಕು. ಆಲ್ಬಮ್ ಇಲಕಲ್ಲಿನ ಸೀರೆ. ಅದಕ್ಕೆ ಒಡಲು ಬೇಕು, ಅಂಚು ಬೇಕು, ಸೆರಗು ಬೇಕು, ಮೂರನ್ನೂ ಹಿಡಿದು ನಿಲ್ಲಿಸುವ ಕೊಂಡಿ ಬೇಕು. ಮುಳುಗಿದ ಊರಿನಂಥ ಒಂದು ವಿಷಯವು ಬಿಡಿ ಹಾಡಿಗೆ ಒಗ್ಗುವಂಥದಲ್ಲ. ಅದಕ್ಕೆ ಹತ್ತು ಹಾಡುಗಳ ಹರವು ಬೇಕು. ಅಂಥ ಹರವಿಗೆ ಯಾವ ಕಂಪನಿಯೂ ಸುಲಭವಾಗಿ ಹಣ ಹಾಕದ ಕಾರಣ ಸ್ವಯಂನಿರ್ಮಾಣವೇ ಬೇಕು.

ಸ್ವಾತಂತ್ರ್ಯವೆಂದರೆ ಒಂಟಿತನವಲ್ಲವೆಂಬದನ್ನೂ ತರುಣರು ತಿಳಿಯಬೇಕು. ಅಮೇರಿಕೆಯಲ್ಲಿ ಮ್ಯಾಕಲ್‌ಮೋರ್ ಮತ್ತು ರಯಾನ್ ಲೂಯಿಸ್ ಎಂಬವರು 2012ರಲ್ಲಿ 'ದ ಹೈಸ್ಟ್' ಎಂಬ ಆಲ್ಬಮ್ಮನ್ನು ತಾವೇ ನಿರ್ಮಿಸಿ ಹೊರಡಿಸಿದರು. 2014ರಲ್ಲಿ ಅದಕ್ಕೆ ರ‍್ಯಾಪಿನ ಶ್ರೇಷ್ಠ ಆಲ್ಬಮ್ಮೆಂದು ಗ್ರ್ಯಾಮಿ ಪಾರಿತೋಷಕವೂ ಬಂತು. ಅವರೂ ರೇಡಿಯೋ ಪ್ರಚಾರಕ್ಕೆ ದೊಡ್ಡ ಕಂಪನಿಯೊಂದರ ನೆರವನ್ನು ಹಣ ಕೊಟ್ಟು ಪಡೆದರು. ಆದರೆ ಕಂಪನಿಯು ಅವರ ಕೂಲಿಯಾಯಿತೇ ಹೊರತು ಅವರು ಕಂಪನಿಯ ಕೂಲಿಗಳಾಗಲಿಲ್ಲ. ಭೇದವಿರುವದು ಕರಾರಿನ ಕಾಗದದಲ್ಲಿ. 2012ರಲ್ಲಿ ಭಾರತದ ಕಾಯಿದೆಗೆ ಬಂದ ತಿದ್ದುಪಡಿಯು ಪದ ಬರೆದವನಿಗೂ ಮಟ್ಟು ಕಟ್ಟಿದವನಿಗೂ ರಾಯಲ್ಟಿಯಲ್ಲಿ ಸಮಪಾಲಿನ ಹಕ್ಕನ್ನು ಕೊಟ್ಟಿದೆ; ಆ ಹಕ್ಕನ್ನು ವ್ಯಾಪಾರಿಯು ಬರೆಸಿಕೊಂಡು ಕಿತ್ತುಕೊಳ್ಳಲಾರನು. ಈ ಮಾತನ್ನು ಅರಿಯದೆ ಸಹಿ ಹಾಕುವ ಹುಡುಗನನ್ನು ಕಂಡು ನಗುವದರ ಬದಲು, ವಕೀಲರೂ ಅಧ್ಯಾಪಕರೂ ತುಂಬಿರುವ ಸುಶಿಕ್ಷಿತ ಸಮಾಜವು ಒಂದು ಸಂಜೆ ಅವನನ್ನು ಕೂಡ್ರಿಸಿಕೊಂಡು ಕರಾರನ್ನು ಓದಿಹೇಳಬಾರದೆ?

ಕಾರಣ ಕಡೆಯ ಹೊಣೆಯು ಮತ್ತೆ ಓದಿದ ಮನೆಗಳ ಮೇಲೆಯೇ ಬರುವದು. ನೆರವಿನಲ್ಲಿ ಮೊದಲನೆಯದು ವಿಮರ್ಶೆ. ಕವನಸಂಗ್ರಹವು ಬಂದರೆ ಸಾಹಿತ್ಯಸಂಘಗಳಲ್ಲಿ ಚರ್ಚೆಯಾಗುವದು. ಆಲ್ಬಮ್ ಬಂದರೆ ಅದರ ಪ್ರಾಸವನ್ನೂ ಮಟ್ಟನ್ನೂ ಭಾಷೆಯನ್ನೂ ತೂಗಿ ನೋಡುವವರಿಲ್ಲ. ಪರೀಕ್ಷಕರಿಲ್ಲವೆಂದು ದೂರುವವರೇ ಪರೀಕ್ಷೆಗೆ ಕುಳಿತುಕೊಳ್ಳಲಿ. ಕೆಟ್ಟದ್ದನ್ನು ಕೆಟ್ಟದ್ದೆಂದು ಕಾರಣಸಹಿತವಾಗಿ ಹೇಳಲಿ. ಒಳ್ಳೆಯದಕ್ಕೆ ಒಳ್ಳೆಯದೆನ್ನುವ ಔದಾರ್ಯವೂ ಇರಲಿ. ಎರಡನೆಯದು ಬೆಲೆ. ಪುಕ್ಕಟೆ ಕೇಳಿ ಪುಕ್ಕಟೆ ಬೈಯುವದು ಸುಲಭ. 2013ರಲ್ಲಿ ಅಮೇರಿಕೆಯ ನಿಪ್ಸಿ ಹಸಲ್ ಎಂಬ ಸ್ವತಂತ್ರ ರ‍್ಯಾಪ್ ಕವಿಯು ತನ್ನ ಹಾಡುಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟು, ಅವುಗಳ ಸಾವಿರ ಪ್ರತಿಗಳನ್ನು ಮಾತ್ರ ಪ್ರತಿಯೊಂದಕ್ಕೆ ನೂರು ಡಾಲರಿನಂತೆ ಮಾರಾಟಕ್ಕಿಟ್ಟನು. ಪುಕ್ಕಟೆ ಸಿಗುವದನ್ನೇ ಅಭಿಮಾನಿಗಳು ಹಣ ಕೊಟ್ಟು ಕೊಂಡು ಸಾವಿರವನ್ನೂ ಮುಗಿಸಿದರು. ಗಳಗನಾಥರ ಹೆಗಲ ಮೇಲಿನ ಗಂಟನ್ನು ಇಳಿಸಿಕೊಂಡು ಪುಸ್ತಕ ಕೊಂಡವರ ಮೊಮ್ಮಕ್ಕಳಿಗೆ ಈ ಮಾತು ಹೊಸದಾಗಬಾರದು. ಮದುವೆಯ ಮೆರವಣಿಗೆಯ ಒಂದು ರಾತ್ರಿಯ ಡಿ.ಜೆ.ಗೆ ಸುರಿಯುವ ಹಣದ ಒಂದು ಪಾಲು ಸಾಕು, ಊರಿನ ತರುಣನೊಬ್ಬನ ಆಲ್ಬಮ್ಮಿಗೆ ಕೋಣೆಯೂ ಮೈಕೂ ಒದಗುವವು. ಮೂರನೆಯದು ವೇದಿಕೆ. ಜಿಲ್ಲೆಯ ಸಾಹಿತ್ಯ ಸಮ್ಮೇಲನದಲ್ಲಿ ಕವಿಗೋಷ್ಠಿಗೆ ಮೂವತ್ತು ಕವಿಗಳಿಗೆ ಎಡೆಯುಂಟು. ಅವರ ನಡುವೆ ಒಬ್ಬ ಗೀಗೀಕಾರನನ್ನೂ ಒಬ್ಬ ರ‍್ಯಾಪಿನ ಹುಡುಗನನ್ನೂ, ಸಾಧ್ಯವಾದರೆ ಹುಡುಗಿಯನ್ನೂ, ಎದುರು ಬದುರು ನಿಲ್ಲಿಸಿ ಸವಾಲು ಜವಾಬು ನಡೆಯಿಸಿದರೆ ಸಾಹಿತ್ಯಕ್ಕೆ ಮೈಲಿಗೆಯಾಗುವದೆ?

ಇಷ್ಟನ್ನೂ ಮಾಡದೆ ಹೋದರೆ ಆಗುವದೇನು? ಹಾಡುವವರು ಹಾಡದೆ ಬಿಡಲಾರರು. ಆದರೆ ಮನೆಯವರ ಬೆಂಬಲವಿಲ್ಲದ ತರುಣನು ಮೊದಲು ಬಂದ ಮಾಲಕನ ನೂಲನ್ನು ಹಿಡಿಯುವನು. ಅವನ ಕಂಠ ಕಂಪನಿಯದು, ಅವನ ತಾಳ ಪರದೇಶದ್ದು, ಅವನ ಮಾತು ಚಲಚ್ಚಿತ್ರದ್ದು ಆಗುವದು. ಬಾಗಲಕೋಟೆಯ ಮುಳುಗಿದ ಓಣಿಗಳನ್ನು ಹಾಡಬೇಕಾಗಿದ್ದ ಬಾಯಿ ಯಾವನದೋ ಶೀಸೆಯ ಜಾಹೀರಾತಾಗುವದು. ಆ ದಿನ ಸುಶಿಕ್ಷಿತರು, "ನೋಡಿರಿ, ಇವರು ಹೀಗೆಯೇ ಎಂದು ಮೊದಲೇ ಹೇಳಿರಲಿಲ್ಲವೆ?" ಎಂದು ತಲೆದೂಗುವರು. ತಾವೇ ಮಜೂರಿಗೆ ಅಟ್ಟಿದವನನ್ನು ಕೂಲಿಯವನೆಂದು ಜರಿಯುವದಕ್ಕಿಂತ ದೊಡ್ಡ ಅನ್ಯಾಯವುಂಟೆ?

ಮೇಗುತಿಯ ಗೋಡೆಯು ಇನ್ನೂ ನಿಂತಿದೆ. ಕಟ್ಟಿಸಿದವನೂ ತಾನೇ, ಬರೆದವನೂ ತಾನೇ ಎಂದ ರವಿಕೀರ್ತಿಯ ಮಾತನ್ನು 634ರಲ್ಲಿ ಕೇಳಿ ನಕ್ಕವರು ಯಾರಾದರೂ ಇದ್ದಿರಬಹುದು. ಅವರ ಹೆಸರು ಯಾವ ಕಲ್ಲಿನ ಮೇಲೆಯೂ ಇಲ್ಲ.